ಹಾಕು ಅಂದರೆ ಯಾವುದನ್ನ?

ಚಿಕ್ಕಜಾಜೂರಿನ ಮುರುಗಪ್ಪನಿಗೆ ರಿಪೇರಿಯ ಹುಚ್ಚು ಹತ್ತಿದ್ದು ರೈಲ್ವೆಯಿಂದ ರಿಟೈರ್ ಆದ ಮೇಲೆ. ಅಲ್ಲಿ ಅವನು ಹಳಿ ಸರಿಮಾಡುವ ಗ್ಯಾಂಗಿಗೆ ಮೇಸ್ತ್ರಿ. ಒಂದು ಕೂಗು ಹಾಕಿದರೆ ಗ್ಯಾಂಗಿನವರೆಲ್ಲ ಒಟ್ಟಿಗೆ ಹಾರೆ ಮೀಟುತ್ತಿದ್ದರು. ಈಗ ಊರಾಚೆಯ ಎರಡೆಕರೆ ಹೊಲದಲ್ಲಿ ಅವನ ಗ್ಯಾಂಗು ಎಂದರೆ ಹೆಂಡತಿ ಅನ್ನಪೂರ್ಣಮ್ಮ ಒಬ್ಬಳೇ. ಅವನು ರಿಪೇರಿ ಮಾಡಿದ ಗೇಟನ್ನು ಈಗ ಎತ್ತಿ ಹಿಡಿದು ತೆರೆಯಬೇಕು. ಕೊಟ್ಟಿಗೆಯ ಶೀಟು ಸೋರುವುದು ಅವನು ಹೊಡೆದ ಮೊಳೆಯ ತೂತಿನಿಂದಲೇ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತೆ ಎಂದು ಅನ್ನಪೂರ್ಣಮ್ಮ ಗೊಣಗಿದರೆ, ತಪ್ಪೆಲ್ಲ ಮೊಳೆಯದು ಎನ್ನುವ ಆಸಾಮಿ.

ಈ ಸಲ ಒಡೆದದ್ದು ಸೇವಂತಿಗೆ ಮಡಿಗಳಿಗೆ ನೀರು ಹೋಗುವ ಪೈಪು. ಸೇವಂತಿಗೆ ಅನ್ನಪೂರ್ಣಮ್ಮನದು. ಸಸಿ ತಂದವಳು, ನೆಟ್ಟವಳು, ಸೊಂಟ ಹಿಡಿದುಕೊಂಡು ಕಳೆ ಕಿತ್ತವಳು ಅವಳೇ. ಮೊಗ್ಗು ತುಂಬಿದ ಹೊತ್ತಿಗೆ ಗಿಡಗಳು ಬಾಡಿ ಜೋಲು ಬಿದ್ದಿದ್ದವು. ಇವತ್ತು ನೀರು ಕಾಣದಿದ್ದರೆ ಮೊಗ್ಗೆಲ್ಲ ಕಮರುವುದು ಖಂಡಿತ.

"ಬೀರೇಶನ್ನ ಕರ್ಸಾಣ ರೀ. ಪೈಪಿನ ಕೆಲಸ ಅವನಿಗೆ ಗೊತ್ತೈತೆ."

"ರೈಲು ಓಡೋ ಹಳಿ ಸರಿ ಮಾಡ್ದೋನಿಗೆ ನೀರು ಓಡೋ ಪೈಪು ಸರಿ ಮಾಡಾಕೆ ಬರಲ್ವೇನೆ? ನಡಿ, ನೀನು ಮೋಟ್ರು ಹತ್ರ ನಿಂತ್ಕ."

ಮೋಟರಿನ ಕರೆಂಟು ಇರುವುದು ಬೆಳಗಿನ ಸ್ವಲ್ಪ ಹೊತ್ತು ಮಾತ್ರ. ಮೇಲ್ಗಡೆ ಮೋಟರ್ ಮನೆಯಲ್ಲಿ ಅನ್ನಪೂರ್ಣಮ್ಮ. ಅವಳ ಮುಂದೆ ಗೋಡೆಗೆ ಸ್ಟಾರ್ಟರು, ಕಾಲ ಬಳಿ ಪೈಪಿನ ವಾಲ್. ಕೆಳಗಡೆ ಒಡೆದ ಜಾಗದಲ್ಲಿ ಮುರುಗಪ್ಪ. ನಡುವೆ ಆಳೆತ್ತರದ ಮೆಕ್ಕೆಜೋಳ. ಮುಖ ಕಾಣದು, ಕೂಗು ಮಾತ್ರ ಕೇಳುತ್ತದೆ.

ಮುರುಗಪ್ಪ ಪೈಪು ಒರೆಸಿ ಅಂಟಿನ ಸಲ್ಯೂಷನ್ ಬಳಿದು ಜೋಡಿಸಿದ. ಪೈಪಿನಲ್ಲಿ ಉಳಿದ ನೀರು ಜಿನುಗುತ್ತಿತ್ತು. ವಾಲ್ ಮುಚ್ಚಲಿ ಎಂದು ಕೂಗಿದ: "ಹಾಕೇ!"

ಅವಳು ಮೋಟರು ಹಾಕಿದಳು. ನೀರು ಅವನ ಮುಖಕ್ಕೇ ಬಡಿಯಿತು.

ಬಾಗಿಲು ಹಾಕು ಅಂದರೆ ಮುಚ್ಚುವುದು, ಮೋಟರು ಹಾಕು ಅಂದರೆ ಓಡಿಸುವುದು. ಬಾಗಿಲು ತೆಗಿ ಅಂದರೆ ತೆರೆಯುವುದು, ಮೋಟರು ತೆಗಿ ಅಂದರೆ ನಿಲ್ಲಿಸುವುದು. ಕನ್ನಡವೇ ಹೀಗಿರುವಾಗ ಅವಳು ಏನು ಮಾಡಿಯಾಳು? ಆದರೆ ಒದ್ದೆಯಾದ ಮನುಷ್ಯನಿಗೆ ವ್ಯಾಕರಣ ಬೇಕಿಲ್ಲ. ಮೇಲೆ ಓಡಿ ಬಂದು, "ನಾನು ಹೇಳಿದ್ದು ವಾಲ್ ಕಣೇ, ವಾಲ್! ತಲೇಲಿ ಏನೈತೆ ನಿಂಗೆ?" ಎಂದು ಕೂಗಾಡಿದ.

ಅವಳು ಮೋಟರು ನಿಲ್ಲಿಸಿ ವಾಲ್ ಮುಚ್ಚಿದಳು. ಅವನು ಮತ್ತೆ ಜೋಡಿಸಿ, ಒಣಗಲು ಬಿಟ್ಟು, ಈ ಸಲ ಬಿಡಿಸಿ ಹೇಳಿ ವಾಲ್ ಅರ್ಧ ತೆರೆಸಿ ಮೋಟರು ಹಾಕಿಸಿದ. ಅಷ್ಟರಲ್ಲಿ ಪೈಪಿನ ಮಗ್ಗುಲಲ್ಲಿ ಸಣ್ಣ ಸೀಳು ಕಂಡು, ಮೋಟರು ನಿಲ್ಲಿಸಲಿ ಎಂದು ಕೂಗಿದ: "ತಗಿ! ತಗಿಯೇ!"

ಆಗತಾನೆ ಬೈಸಿಕೊಂಡವಳು ಮೋಟರಿನ ತಂಟೆಗೆ ಹೋಗಲಿಲ್ಲ. ವಾಲನ್ನು ಪೂರ್ತಿ ತೆಗೆದಳು. ಜೋಡಿಸಿದ್ದು ಹಾರಿಹೋಯಿತು, ಸಲ್ಯೂಷನ್ ಡಬ್ಬಿ ಕೆಸರಿಗೆ ಉರುಳಿತು.

ಅವಳು ಮೋಟರು ನಿಲ್ಲಿಸಿ ತಾನೇ ಕೆಳಗಿಳಿದು ಬಂದಳು. ಡಬ್ಬಿಯಲ್ಲಿ ಉಳಿದದ್ದನ್ನು ನೋಡಿ ಹೇಳಿದಳು: "ನೀವು ಮ್ಯಾಲೆ ಹೋಗ್ರಿ. ಇದನ್ನ ನಾನು ಮಾಡ್ತೀನಿ. ಕೂಗ್ತೀನಿ, ಕೇಳಿಸ್ಕಳ್ರಿ."

ಮುರುಗಪ್ಪ ಹೋಗಿ ನಿಂತ. ಹೆಂಡತಿಯ ಅಪ್ಪಣೆಗೆ ಕಾಯುವ ಕಾಲ ಬಂತಲ್ಲ ಎಂದು ಮೈಯೆಲ್ಲ ಉರಿಯುತ್ತಿತ್ತು. ಬಹಳ ಹೊತ್ತಿನ ಮೇಲೆ ಜೋಳದ ಆಚೆಯಿಂದ ಕೂಗು ಬಂತು. "ಹಾಕ್ರಿ!"

ಅವನ ಕೈ ಸ್ಟಾರ್ಟರಿನತ್ತ ಹೋಗಿ ನಿಂತಿತು. ವಾಲ್ ತೆರೆದೇ ಇತ್ತು. ಮುಚ್ಚು ಅಂದಳೋ, ಮೋಟರು ಓಡಿಸು ಅಂದಳೋ? "ಯಾವುದ್ನೇ?" ಎಂದು ಕೂಗಿದ. ಅತ್ತ ಗೂಡ್ಸ್ ಗಾಡಿ ಹಾರ್ನ್ ಹೊಡೆಯುತ್ತ ಹೋಗುತ್ತಿತ್ತು, ಉತ್ತರ ಬಂದಿದ್ದರೂ ಕೇಳಿಸಲಿಲ್ಲ. ಗ್ಯಾಂಗಿನವರು ಯಾರೂ ಅವನನ್ನು ಯಾವುದು ಎಂದು ಕೇಳಿದವರಲ್ಲ. ಅವರೆಲ್ಲ ಅವನ ಕಣ್ಣೆದುರೇ ಇರುತ್ತಿದ್ದರು. ಮತ್ತೆ ಒಡೆದರೆ ಸಲ್ಯೂಷನ್ನೂ ಇಲ್ಲ. ಹೆದರಿ ವಾಲ್ ಮುಚ್ಚಿ ಕಾದ.

ಕೆಳಗೆ ಅವಳೂ ಕಾದಳು. ನೀರು ಬಾರದೆ ಮೇಲೆ ಹತ್ತಿ ಬಂದು, "ಮೋಟ್ರು ಹಾಕ್ರಿ ಅಂದೆ ಕಣ್ರೀ" ಎನ್ನುವಷ್ಟರಲ್ಲಿ ಸ್ಟಾರ್ಟರಿನ ದೀಪ ಆರಿತ್ತು. ಆ ದಿನದ ಕರೆಂಟು ಮುಗಿಯಿತು.

ಬೈಯಲಿಲ್ಲ ಅವಳು. ಬೈದಿದ್ದರೆ ಅವನಿಗೆ ತಿರುಗಿ ಬೈಯಲಾದರೂ ದಾರಿಯಿರುತ್ತಿತ್ತು. ಇಬ್ಬರೂ ದನದ ತೊಟ್ಟಿಯಿಂದ ಕೊಡದಲ್ಲಿ ನೀರು ಹೊತ್ತು ಗಿಡಗಳಿಗೆ ಹಾಕತೊಡಗಿದರು. ಬಿಸಿಲೇರಿತು, ಭುಜ ಕಿತ್ತು ಬಂತು, ಅರ್ಧ ಮಡಿಯೂ ನೆನೆದಿರಲಿಲ್ಲ. ಕೊನೆಗೆ ಮುರುಗಪ್ಪ ಬೇರೆಲ್ಲೋ ನೋಡುತ್ತ ಹೇಳಿದ:

"ನಾಳೆ ಆ ಬೀರೇಶನಿಗೆ ಬರಾಕೆ ಹೇಳು."

"ಬೆಳಿಗ್ಗೇನೆ ಹೇಳೀನಿ. ಅವನು ಇವತ್ತೇ ಬರ್ತೀನಿ ಅಂದ. ಬ್ಯಾಡಪ್ಪ, ಇವತ್ತೊಂದಿನ ನಮ್ಮೆಜಮಾನ್ರು ಮಾಡ್ತಾರೆ, ನಾಳೆ ಬಾ ಅಂದೆ."

ಮುರುಗಪ್ಪನಿಗೆ ಗಂಟಲು ಹರಿಯುವಂತೆ ಕೂಗಾಡಬೇಕು ಅನ್ನಿಸಿತು. ಯಾರ ಮೇಲೆ ಎಂದು ತಿಳಿಯದೆ, ಖಾಲಿ ಕೊಡ ಎತ್ತಿಕೊಂಡು ತೊಟ್ಟಿಯ ಕಡೆಗೆ ನಡೆದ.