ಆಡಿಯೋ ಇಂಟರ್‌ಫೇಸೂ ಸೊಪ್ಪಿನ ತಾಯಮ್ಮನೂ

ನನ್ನ ದನಿ ಚೆನ್ನಾಗಿದೆ ಎಂದು ಇದುವರೆಗೆ ಯಾರೂ ನನ್ನ ಮುಖಕ್ಕೆ ಹೇಳಿಲ್ಲ. ಚೆನ್ನಾಗಿಲ್ಲ ಎಂದೂ ಹೇಳಿಲ್ಲ. ಈ ಎರಡರ ನಡುವೆ ಉಳಿದ ಜಾಗದಲ್ಲಿ ನಾನೊಂದು ರೆಕಾರ್ಡಿಂಗ್ ಸ್ಟುಡಿಯೋ ಕಟ್ಟಿದೆ.

ಸ್ಟುಡಿಯೋ ಎಂದರೆ ಬಸವೇಶ್ವರನಗರದ ನಮ್ಮ ಮಹಡಿ ಮನೆಯಲ್ಲಿ ಬೀರು ಇಟ್ಟಿರುವ ಸಣ್ಣ ಕೋಣೆ. ಬೀರುವಿನ ಬಾಗಿಲು ತೆಗೆದರೆ ನನ್ನ ಹೆಂಡತಿ ವಸುಧಾಳ ಸೀರೆಗಳು ಸಾಲಾಗಿ ತೂಗುತ್ತವೆ. ಕೋಣೆಯ ಪ್ರತಿಧ್ವನಿಯನ್ನು ಹೀರಿಕೊಳ್ಳಲು ಬಟ್ಟೆ ಒಳ್ಳೆಯದು ಎಂದು ಓದಿಕೊಂಡಿದ್ದ ನಾನು, ರೇಷ್ಮೆಗಿಂತ ದಪ್ಪ ಹತ್ತಿ ಸೀರೆಗಳಿದ್ದರೆ ವಾಸಿ ಎಂದೆ. ಮದುವೆಯಾದ ಮೇಲೆ ಸೀರೆಯ ವಿಷಯದಲ್ಲಿ ನಾನು ಅಭಿಪ್ರಾಯ ಕೊಟ್ಟದ್ದು ಇದೇ ಮೊದಲು ಎಂದು ಅವಳು ಹೇಳಿದಳು. ಸಂತೋಷದಿಂದ ಹೇಳಿದ ಹಾಗೆ ಕಾಣಲಿಲ್ಲ.

ಮೈಕು ಸುಲಭವಾಗಿ ಸಿಕ್ಕಿತು. ಕಷ್ಟ ಬಂದದ್ದು ಆಡಿಯೋ ಇಂಟರ್‌ಫೇಸಿನ ಆಯ್ಕೆಯಲ್ಲಿ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ: ಇದು ಮೈಕಿಗೂ ಕಂಪ್ಯೂಟರಿಗೂ ನಡುವೆ ಕೂರುವ, ಅಂಗೈಯಗಲದ ಪೆಟ್ಟಿಗೆ. ಹಿಂದೆ ಪರದೇಶದ ವ್ಯಾಪಾರಿಗಳಿಗೂ ನಮ್ಮವರಿಗೂ ನಡುವೆ ದುಬಾಷಿಗಳು ಇರುತ್ತಿದ್ದರಲ್ಲ, ಅದೇ ಕೆಲಸ. ಮೈಕಿಗೆ ಬರುವುದು ದನಿ, ಕಂಪ್ಯೂಟರಿಗೆ ಬರುವುದು ಅಂಕಿ. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಪೆಟ್ಟಿಗೆ ಮಧ್ಯೆ ಕೂತು ಅಲ್ಲಿಂದ ಇಲ್ಲಿಗೆ ದಾಟಿಸುತ್ತದೆ. ದುಬಾಷಿ ಒಳ್ಳೆಯವನಾಗಿದ್ದರೆ ಹೇಳಿದ್ದನ್ನಷ್ಟೇ ದಾಟಿಸುತ್ತಾನೆ, ಇಲ್ಲದಿದ್ದರೆ ತನ್ನದೂ ನಾಲ್ಕು ಮಾತು ಸೇರಿಸುತ್ತಾನೆ. ಅಗ್ಗದ ಪೆಟ್ಟಿಗೆಗಳು ಹಾಗೆ ಸೇರಿಸುವ ಬುಸ್ಸೆನ್ನುವ ಮಾತಿಗೆ 'ಹಿಸ್' ಎನ್ನುತ್ತಾರೆ.

ಯಾವುದನ್ನು ಕೊಳ್ಳಬೇಕೆಂದು ತಿಂಗಳುಗಟ್ಟಲೆ ಯೋಚಿಸಿದೆ. ಅಂತರ್ಜಾಲದಲ್ಲಿ ಗಡ್ಡದ ಯುವಕರು ಒಂದೊಂದು ಪೆಟ್ಟಿಗೆಯ ಮುಂದೆ ಕೂತು, ಗಂಡು ನೋಡಲು ಹೋದವರ ಹಾಗೆ, ಅದರ ಗುಣದೋಷಗಳನ್ನು ವಿವರಿಸುತ್ತಿದ್ದರು. ಮೈಕಿಗೆ ಪೆಟ್ಟಿಗೆಯೇ ಕಳಿಸುವ ವಿದ್ಯುತ್ತಿಗೆ 'ಫ್ಯಾಂಟಮ್ ಪವರ್' ಎಂದು ಹೆಸರಿದೆ. ಅಂದರೆ ದೆವ್ವದ ಕರೆಂಟು ಎಂದು ಅನುವಾದಿಸಿ ಹೇಳಿ ತಪ್ಪು ಮಾಡಿದೆ. ಗೋಡೆಯಾಚೆಗೇ ದೇವರ ಮನೆ ಇದೆ ಎಂದು ವಸುಧಾ ನೆನಪಿಸಿದಳು. ಹಾಡಿದ್ದು ಹೆಡ್‌ಫೋನಿನಲ್ಲಿ ತುಸು ತಡವಾಗಿ ನಮಗೇ ಕೇಳುವುದಕ್ಕೆ 'ಲೇಟೆನ್ಸಿ' ಎನ್ನುತ್ತಾರೆ. ಅದು ದೊಡ್ಡ ದೋಷವಂತೆ. ಎಂದೋ ಆಡಿದ ಮಾತು ತಡವಾಗಿ ತನಗೇ ವಾಪಸು ಕೇಳಿಸುವುದು ಸಂಸಾರಸ್ಥನಾದ ನನಗೆ ಅಷ್ಟು ದೊಡ್ಡ ದೋಷವೆನಿಸಲಿಲ್ಲ.

ಕೊನೆಗೆ ವಸುಧಾಳ ತಮ್ಮ ರಘುವನ್ನು ಕರೆಸಿದೆ. ಅವನು ರಾಜರಾಜೇಶ್ವರಿನಗರದಲ್ಲಿದ್ದಾನೆ, ಮದುವೆ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸುತ್ತಾನೆ. ಎಂಟು ಮೈಕು ಸಿಕ್ಕಿಸಬಹುದಾದ ಪೆಟ್ಟಿಗೆಯ ಮೇಲೆ ನನಗೆ ಮನಸ್ಸಿತ್ತು. ಮುಂದೆ ತಬಲಾ, ಕೊಳಲು, ಕೋರಸ್ಸು ಎಲ್ಲ ಬರಬಹುದಲ್ಲ ಎಂದೆ.

"ಭಾವ, ಹಾಡೋದು ನೀವೊಬ್ರೇ" ಎಂದ ರಘು.

ಎಂಟು ಜನ ಬಂದರೆ ಲೋಟ ತೊಳೆಯುವವರು ಯಾರು ಎಂದು ವಸುಧಾ ಅಡುಗೆಮನೆಯಿಂದಲೇ ಕೇಳಿದಳು. ಒಂದು ಮೈಕಿನ ಪೆಟ್ಟಿಗೆ ಕೊಳ್ಳುವುದು ನನ್ನ ಘನತೆಗೆ ಕಡಿಮೆಯಾಯಿತೆನಿಸಿ, ಎರಡು ಮೈಕಿನದನ್ನು ತಂದೆ.

ಅದು ಬಹಳ ಒಳ್ಳೆಯ ಪೆಟ್ಟಿಗೆ. ಅದೇ ತೊಂದರೆಯಾಯಿತು. ಅದಕ್ಕೆ ಎಲ್ಲವೂ ಕೇಳಿಸುತ್ತಿತ್ತು. ಪಕ್ಕದ ಮನೆಯ ಕುಕ್ಕರು, ಕಾಮಾಕ್ಷಿಪಾಳ್ಯದ ಕಡೆಯ ಲೇತ್ ಮಿಷನ್ನು, ಮೇಲೆ ಯಾರೋ ಕುರ್ಚಿ ಎಳೆದದ್ದು. ಇವೆಲ್ಲದರ ಮೇಲೆ ತಾಯಮ್ಮ.

ತಾಯಮ್ಮ ನಮ್ಮ ಬೀದಿಗೆ ಸೊಪ್ಪು ತರುವವರು. ಕೆಂಗೇರಿಯ ಆಚೆ ಉಳಿದಿರುವ ಒಂದಿಷ್ಟು ಜಮೀನಿನಲ್ಲಿ ಅವರ ಯಜಮಾನರು ಸೊಪ್ಪು ಬೆಳೆಯುತ್ತಾರೆ, ಇವರು ತಳ್ಳುಗಾಡಿಯಲ್ಲಿ ಮಾರುತ್ತಾರೆ. "ಸೊಪ್ಪೂ... ದಂಟೂ, ಮೆಂತ್ಯಾ, ಸಬ್ಬಸ್ಗೇ..." ಎಂದು ಅವರು ಬೀದಿಯ ಆ ತುದಿಯಲ್ಲಿ ಕೂಗಿದರೆ ಈ ತುದಿಯ ಮೂರನೇ ಮಹಡಿಯವರು ಚೀಲ ಹುಡುಕುತ್ತಿದ್ದರು. ಕಚೇರಿಗೆ ಹೊರಡುವ ಮೊದಲು ನನಗೆ ಹಾಡಲು ಸಿಗುವ ಹೊತ್ತೂ ಅದೇ. ನಾನು ಪಲ್ಲವಿ ಮುಗಿಸಿ ಅನುಪಲ್ಲವಿಗೆ ಏರುವಾಗ ಅವರು ಮೆಂತ್ಯಕ್ಕೆ ಏರುತ್ತಿದ್ದರು. ಕೇಳಿ ನೋಡಿದರೆ ಅವರ ಶ್ರುತಿ ನನ್ನದಕ್ಕಿಂತ ಗಟ್ಟಿಯಾಗಿ ನಿಂತಿರುತ್ತಿತ್ತು. ಪೆಟ್ಟಿಗೆಯನ್ನು ಅಂಗಡಿಗೆ ಹಿಂತಿರುಗಿಸಿ ಕಿವಿ ಕೊಂಚ ಮಂದವಾಗಿರುವ ಇನ್ನೊಂದನ್ನು ತರಲೇ ಎಂದು ಮತ್ತೆ ಗಡ್ಡದ ಯುವಕರ ಮೊರೆ ಹೊಕ್ಕೆ.

ಅಷ್ಟರಲ್ಲಿ ಒಂದು ಬೆಳಿಗ್ಗೆ ಇಡೀ ಹಾಡು ಅಡ್ಡಿಯಿಲ್ಲದೆ ಮುಗಿಯಿತು. ಮರುದಿನವೂ ಮುಗಿಯಿತು. ಮೂರನೆಯ ದಿನದ ಹಾಡನ್ನು ರಘುವಿಗೆ ಕಳಿಸಿದೆ. ಅವನು ಸಂಜೆಯವರೆಗೆ ಯೋಚಿಸಿ, ಹಿನ್ನೆಲೆ ತುಂಬಾ ಕ್ಲೀನ್ ಆಗಿದೆ ಎಂದು ಉತ್ತರ ಬರೆದ. ಮುನ್ನೆಲೆಯ ಬಗ್ಗೆ ಏನೂ ಬರೆದಿರಲಿಲ್ಲ.

ನಿಶ್ಶಬ್ದ ಹೀಗೆ ತಾನಾಗಿ ಒದಗಿ ಬಂದದ್ದನ್ನು ನನ್ನ ಸಾಧನೆಯ ಲೆಕ್ಕಕ್ಕೆ ಸೇರಿಸಿಕೊಂಡಿದ್ದೆ. ಮನೆಯಲ್ಲಿ ಸೊಪ್ಪಿನ ಸಾರು ನಿಂತು ಬರೀ ಹುರುಳಿಕಾಯಿ ಪಲ್ಯ ನಡೆಯುತ್ತಿದೆ ಎಂಬುದನ್ನು ಗಮನಿಸಿದವಳು ವಸುಧಾ. ಅವಳು ಕೆಳಗಿಳಿದು ಗೇಟಿನ ಬಳಿ ಕಾದು ನಿಂತಳು. ತಾಯಮ್ಮ ದಿನವೂ ಬರುತ್ತಲೇ ಇದ್ದರಂತೆ. ಕೂಗುತ್ತಿರಲಿಲ್ಲ, ಅಷ್ಟೇ. ಗಾಡಿ ನಿಲ್ಲಿಸಿ ಮೇಲೆ ನೋಡುತ್ತಿದ್ದರಂತೆ. ಯಾರೂ ಬಾರದಿದ್ದರೆ ಮುಂದಕ್ಕೆ ತಳ್ಳುತ್ತಿದ್ದರಂತೆ.

ವಸುಧಾ ಅವರನ್ನು ಮೇಲಕ್ಕೆ ಕರೆತಂದು ಬಿಸಿನೀರು ಕೊಟ್ಟಳು. ತಾಯಮ್ಮ ಕುರ್ಚಿಯ ತುದಿಯಲ್ಲಿ ಕೂತು ತಗ್ಗಿದ ದನಿಯಲ್ಲಿ ಹೇಳಿದರು. "ಗಂಟ್ಲಲ್ಲಿ ಸಣ್ಣ ಗಂಟು ಆಗೈತಂತೆ ಅಕ್ಕ. ಕೂಗಿ ಕೂಗಿ ಆಗಿರೋದಂತೆ. ಕೆಲವು ತಿಂಗಳು ಕೂಗ್ದೆ ಇದ್ರೆ ಕರಗ್ತದೆ, ಕೂಗಿದ್ರೆ ಆಪರೇಸನ್ನು ಅಂದವ್ರೆ ಡಾಕ್ಟ್ರು. ಪಿಸುಗುಟ್ಟೋದೂ ಬ್ಯಾಡ, ಮಾಮೂಲಿ ಮಾತಾಡು ಅಂದವ್ರೆ. ಮಾಮೂಲಿ ಮಾತಾಡಿದ್ರೆ ಮೂರನೇ ಮಹಡಿಗೆ ಕೇಳ್ತದಾ?"

ಹಾಡುವವರಿಗೆ ಇರುವುದು ಕಂಠ, ಕೂಗುವವರಿಗೆ ಇರುವುದು ಗಂಟಲು ಎಂದು ನಮ್ಮ ಭಾಷೆ ಭೇದ ಮಾಡುತ್ತದೆ. ಡಾಕ್ಟರಿಗೆ ಎರಡೂ ಒಂದೇ. ನನ್ನ ಕಂಠಕ್ಕೆ ಏನಾದರೂ ಆದರೆ ಕಚೇರಿಯ ರಾಜ್ಯೋತ್ಸವದಲ್ಲಿ ಒಂದು ಹಾಡು ಕಡಿಮೆಯಾಗುತ್ತದೆ, ಅದರಿಂದ ಕಾರ್ಯಕ್ರಮ ಬೇಗ ಮುಗಿಯುತ್ತದೆ. ತಾಯಮ್ಮನ ಗಾಡಿಯಲ್ಲಿ ಸೊಪ್ಪು ಬಾಡುತ್ತಿತ್ತು. ಅರ್ಧ ಗಾಡಿ ಹಾಗೇ ವಾಪಸು ಹೋಗುತ್ತಿತ್ತು, ಹಸುಗಳಿಗೆ.

ಗಾಡಿಗೆ ಕಟ್ಟುವ ಬ್ಯಾಟರಿ ಸ್ಪೀಕರನ್ನು ಅವರಾಗಲೇ ಕೊಂಡಿದ್ದರು. ಅದರಲ್ಲೇ ದನಿ ಹಿಡಿಯುವ ಗುಂಡಿಯೊಂದಿತ್ತು. ಆದರೆ ಅದರ ಮೈಕಿಗೆ ಕೂಗಿ ಹೇಳಿದರೆ ಮಾತ್ರ ಕೇಳಿಸುತ್ತಿತ್ತು. ಮೆಲ್ಲಗೆ ಹೇಳಿದರೆ ಬೋಂಡ ಕರಿಯುವ ಸದ್ದೊಂದೇ ಬರುತ್ತಿತ್ತು. ಯಾರೋ ಗಂಡಸು ಕೂಗಿದ ರೆಡಿಮೇಡ್ ರೆಕಾರ್ಡು ಸಿಗುತ್ತದೆ, ಅದನ್ನು ಹಾಕಿಕೊಳ್ಳಿ ಎಂದು ಅಂಗಡಿಯವನು ಹೇಳಿದನಂತೆ. ಗಂಡಸಿನ ದನಿ ಹಾಕಿಕೊಂಡು ಹೋದರೆ ಬೇರೆ ಯಾರದೋ ಗಾಡಿ ಎಂದುಕೊಂಡು ತಮ್ಮ ಗಿರಾಕಿಗಳು ಕೆಳಗೇ ಇಳಿಯುವುದಿಲ್ಲ ಎಂದು ತಾಯಮ್ಮ ಬೇಡವೆಂದರಂತೆ.

ವಸುಧಾ ನನ್ನ ಕಡೆ ತಿರುಗಿದಳು. "ರೀ, ನಿಮ್ಮ ಪೆಟ್ಟಿಗೆ ಮೆಲ್ಲಗೆ ಮಾತಾಡಿದ್ರೂ ಹಿಡಿಯುತ್ತೆ ಅಂತೀರಲ್ಲ."

ಸೀರೆಗಳ ಮುಂದೆ ತಾಯಮ್ಮನನ್ನು ಕೂರಿಸಿದೆವು. ಮೈಕು ಕಂಡ ಕೂಡಲೇ ಅವರು ಎದ್ದು ನಿಂತು ನಮಸ್ಕಾರ ಎಂದರು. ಮತ್ತೆ ಕೂರಿಸಿದೆ. ಸೊಪ್ಪಿನ ಹೆಸರು ಹೇಳಿ ಎಂದರೆ, ಶಾಲೆಯಲ್ಲಿ ಹಾಜರಿ ಕರೆದ ಹಾಗೆ ಒಂದೊಂದಾಗಿ ಹೇಳಿ ನಿಲ್ಲಿಸಿದರು. ಅದನ್ನು ಕೇಳಿ ಯಾರೂ ಸೊಪ್ಪು ಕೊಳ್ಳುವಂತಿರಲಿಲ್ಲ. ಆಗ ವಸುಧಾ ಮೈಕಿನ ಆಚೆ ಸ್ಟೂಲು ಹಾಕಿಕೊಂಡು ಕೂತು, ಕೈಯಲ್ಲಿ ಚೀಲ ಹಿಡಿದು, "ತಾಯಮ್ಮ, ಇವತ್ತು ಏನೇನ್ ತಂದಿದೀರಿ?" ಎಂದು ಕೇಳಿದಳು.

ತಾಯಮ್ಮ ಅವಳಿಗೆ ಹೇಳಿದರು. ದಂಟು ಐತೆ, ಎಳೇದು. ಮೆಂತ್ಯ ಐತೆ. ಸಬ್ಬಸ್ಗೆ ಈಗ ಕಿತ್ತಿದ್ದು, ಮೂಸಿ ನೋಡಿ.

ನಾನು ಮೆಲುದನಿಯನ್ನು ಹಿಗ್ಗಿಸುವ ಗೇನ್ ಎಂಬ ಗುಂಡಿಯನ್ನು ಮೆಲ್ಲಗೆ ತಿರುಗಿಸುತ್ತ ಹೆಡ್‌ಫೋನಿನಲ್ಲಿ ಕೇಳುತ್ತಿದ್ದೆ. ಇಷ್ಟು ವರ್ಷ ಆ ದನಿಯನ್ನು ದೂರದಿಂದ, ಅದೂ ಅಡ್ಡಿಯೆಂದೇ, ಕೇಳಿದ್ದವನು ನಾನು. ಕಿವಿಗೆ ಅಂಟಿದಷ್ಟು ಹತ್ತಿರದಲ್ಲಿ ಅದು ಬೇರೆಯೇ ಆಗಿತ್ತು. ಒರಟಿನ ಕೆಳಗೆ ತೆಳುವಾದ ನಗುವೊಂದಿತ್ತು. ಸಬ್ಬಸ್ಗೆ ಎನ್ನುವಾಗ ಮುದ್ದಿನ ಸೊಸೆಯ ಹೆಸರು ಹೇಳಿದ ಹಾಗಿತ್ತು. ನನ್ನ ಯಾವ ಹಾಡಿನಲ್ಲೂ ಯಾವ ಮಾತೂ ಅಷ್ಟು ನಂಬಿಕೆಯಿಂದ ಬಂದದ್ದನ್ನು ನಾನು ಕೇಳಿಲ್ಲ. ಇದನ್ನು ರಘುವಿಗೆ ಹೇಳಲಿಲ್ಲ. ಅವನು ಒಪ್ಪಿಬಿಡುತ್ತಾನೆ.

ಹಿಡಿದದ್ದನ್ನು ಸ್ಪೀಕರಿನಲ್ಲಿ ಹಾಕಿ ಕೇಳಿಸಿದೆ. ತಾಯಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಕೊನೆಯವರೆಗೂ ಕೇಳಿದರು. ಇನ್ನೊಂದು ಸಲ ಹಾಕಿ ಎಂದರು. ಆಮೇಲೆ, "ಇದು ನಮ್ಮವ್ವನ ದನಿ ಸಾರ್" ಎಂದರು. ಅವರವ್ವನೂ ಸೊಪ್ಪು ಮಾರುತ್ತಿದ್ದರಂತೆ, ತಲೆಯ ಮೇಲೆ ಮಂಕರಿ ಹೊತ್ತು. ಅವರು ಹೋಗಿ ಬಹಳ ಕಾಲವಾಯಿತಂತೆ. ಮೂರನೆಯ ಸಲ ನಾನೇ ಹಾಕಿದೆ. ವಸುಧಾ ಇನ್ನಷ್ಟು ಬಿಸಿನೀರು ತರುವುದಕ್ಕೆಂದು ಒಳಗೆ ಹೋಗಿ, ತುಂಬಾ ಹೊತ್ತು ಬರಲಿಲ್ಲ.

ಮರುದಿನ ಆ ದನಿಯನ್ನು ಸ್ಪೀಕರಿಗೆ ತುಂಬಿಕೊಂಡು ಗಾಡಿ ಬೀದಿಗೆ ಬಂತು. ಕೂಗುವ ಗಾಡಿಗಳ ನಡುವೆ ಮಾತಾಡುವ ಗಾಡಿ ಇದೊಂದೇ ಆದ್ದರಿಂದ ಜನ ಬಾಲ್ಕನಿಗೆ ಬಂದು ನೋಡಿದರು. ಎದುರು ಮನೆಯ ಆಂಟಿಯೊಬ್ಬರು ಮೇಲಿನಿಂದಲೇ ಕಟ್ಟು ಎಷ್ಟು ಎಂದು ಕೇಳಿದರು. ಸಬ್ಬಸ್ಗೆ ಮೂಸಿ ನೋಡಿ ಎಂದಿತು ಸ್ಪೀಕರು. ಎರಡನೆಯ ಸಲವೂ ಅದೇ ಉತ್ತರ ಬಂದಾಗ, ತಾಯಮ್ಮನಿಗೆ ಏನೋ ಬೇಜಾರಾಗಿದೆ ಎಂದುಕೊಂಡು ಅವರು ಚೌಕಾಶಿ ಮಾಡದೆ ಕೊಂಡರಂತೆ.

ಒಂದು ವಾರದಲ್ಲಿ ತಕರಾರುಗಳು ಬಂದವು. ಸಬ್ಬಸಿಗೆ ತಾರದ ದಿನವೂ ಸ್ಪೀಕರು ಮೂಸಿ ನೋಡಿ ಎನ್ನುತ್ತಿತ್ತು. ಚಕ್ಕೋತ ಸೊಪ್ಪು ತಂದ ದಿನ ಅದರ ಸುದ್ದಿಯೇ ಎತ್ತುತ್ತಿರಲಿಲ್ಲ. ಹೀಗಾಗಿ ಇನ್ನೊಮ್ಮೆ ಕೂರಿಸಿ, ಎಲ್ಲ ಸೊಪ್ಪುಗಳನ್ನೂ ಬಿಡಿಬಿಡಿಯಾಗಿ ಹಿಡಿದು, ಬೇಕಾದ ಹಾಗೆ ಜೋಡಿಸಿ ಕೊಡತೊಡಗಿದೆ. ಬೆಳಿಗ್ಗೆ ಹೊರಡುವಾಗ ತಾಯಮ್ಮ ಫೋನು ಮಾಡಿ ಇವತ್ತು ಅರಿವೆ ಸೊಪ್ಪಿಲ್ಲ ಎನ್ನುತ್ತಾರೆ. ನಾನು ಅರಿವೆಯನ್ನು ಕತ್ತರಿಸಿ ಉಳಿದದ್ದನ್ನು ಅವರ ಫೋನಿಗೆ ಕಳಿಸುತ್ತೇನೆ. ನನ್ನ ಹಾಡುವ ಹೊತ್ತು ಈಗ ಇದಕ್ಕೇ ಸರಿಹೋಗುತ್ತದೆ. ನನ್ನ ಸ್ಟುಡಿಯೋದ ಕೆಲಸವನ್ನು ದಿನವೂ ಇಡೀ ಬಡಾವಣೆ ಕೇಳುತ್ತದೆ. ಮಾರೇನಹಳ್ಳಿಯಿಂದ ಬಂದಿದ್ದ ನೆಂಟರಿಗೆ ವಸುಧಾ ಇದನ್ನು ಹೇಳಿದಳು, ಸಂಗೀತವೋ ಎಂದು ಅವರು ಕೇಳಿದಾಗ ಮಾತು ಬದಲಿಸಿದಳು. ಪೆಟ್ಟಿಗೆಯನ್ನು ಹಿಂತಿರುಗಿಸುವ ಗಡುವು ಯಾವಾಗ ಮುಗಿಯಿತೋ ನನಗೆ ತಿಳಿಯಲೇ ಇಲ್ಲ.

ಕಳೆದ ವಾರ ತಾಯಮ್ಮ ಕರೆಯದೆಯೇ ಮೇಲೆ ಬಂದರು. ಗಂಟು ಕರಗಿದೆ, ಆಪರೇಷನ್ ಬೇಡ, ಕೂಗಬಹುದು, ಆದರೆ ಹದವಾಗಿ ಎಂದು ಡಾಕ್ಟರು ಹೇಳಿದರಂತೆ. ನಮಗಿಬ್ಬರಿಗೂ ಸಮಾಧಾನವಾಯಿತು. ಹಾಗಾದರೆ ಸ್ಪೀಕರು ಬಿಚ್ಚಿಡುತ್ತೀರಾ ಎಂದು ಕೇಳಿದೆ. ಇಲ್ಲ ಎಂದರು.

"ಕೂಗೋದು ಅದೇ ಕೂಗ್ಲಿ ಸಾರ್. ಇಷ್ಟು ವರ್ಸ ಇಲ್ಲಿ ಕೂಗಿ ಕೂಗಿ ಮನೆಗೆ ಹೋದ್ರೆ ಮಾತಾಡಕ್ಕೆ ಗಂಟ್ಲೇ ಇರ್ತಿರ್ನಿಲ್ಲ. ಊಟ ಇಕ್ತಿದ್ದೆ, ಮಲೀಕೊತಿದ್ದೆ. ಈಗ ಮನೇಲಿ ಮಾತಾಡ್ತೀನಿ. ನಾನು ಇಷ್ಟು ಮಾತಾಡೋಳು ಅಂತ ನಮ್ಮೆಜಮಾನ್ರಿಗೆ ಗೊತ್ತೇ ಇರ್ನಿಲ್ವಂತೆ."

ಯಜಮಾನರು ಅದನ್ನು ಮೆಚ್ಚಿ ಹೇಳಿದರೋ, ದೂರಿ ಹೇಳಿದರೋ ಎಂದು ವಸುಧಾ ಕೇಳಿದಳು.

ತಾಯಮ್ಮ ತುಸು ಯೋಚಿಸಿದರು. "ಅದ್ನ ಅವ್ರಿನ್ನೂ ಹೇಳಿಲ್ಲ ಅಕ್ಕ. ಮಧ್ಯ ಅವ್ರಿಗೆ ಮಾತಾಡಕ್ಕೆ ನಾನೇ ಬಿಟ್ಟಿಲ್ಲ."