ಗೆರೆ ಎಳೆದ ಎಂಟು ಚೀಟಿ

ನಮ್ಮ ಕಚೇರಿಯಲ್ಲಿ ಎಲ್ಲರೂ ಅವರನ್ನು ಬಾಲದ ಮೇಷ್ಟ್ರು ಎನ್ನುತ್ತಿದ್ದರು. ಅವರು ಒಂದು ದಿನವೂ ಯಾರಿಗೂ ಪಾಠ ಹೇಳಿದವರಲ್ಲ. ಪದಗಳ ಬಾಲ ಕತ್ತರಿಸುವುದು ಅವರ ಉದ್ಯೋಗವಾಗಿತ್ತು. ಹೆಸರಿಟ್ಟವಳು ನಾನೇ. ಎದುರು ಮೇಜಿನಲ್ಲಿ ಇಪ್ಪತ್ತೆರಡು ವರ್ಷ ಟೈಪ್ ಕುಟ್ಟಿದವಳಿಗೆ ಅಷ್ಟೂ ಹಕ್ಕಿಲ್ಲವೇ? ಹೋದ ತಿಂಗಳು ಅವರು ತೀರಿಕೊಂಡರು. ಸಂತಾಪ ಸಭೆಯಲ್ಲಿ ನಾಲ್ವರು ಅವರ ಶ್ರದ್ಧೆಯನ್ನು ಹೊಗಳಿದರು. ಆ ಶ್ರದ್ಧೆಯ ಮೇಲೆ ನನಗಿರುವ ಸಿಟ್ಟು ಇನ್ನೂ ಇಳಿದಿಲ್ಲ.

ಲೋಕದ ಭಾಷೆಗಳು ಪ್ರತ್ಯಯಗಳನ್ನೂ ಪುಟ್ಟ ಸರ್ವನಾಮಗಳನ್ನೂ ಪದಕ್ಕೆ ಹೇಗೆ ಅಂಟಿಸಿಕೊಳ್ಳುತ್ತವೆ ಎಂಬ ಬಗ್ಗೆ ನಮ್ಮಲ್ಲೊಂದು ದೊಡ್ಡ ಕೋಶ ತಯಾರಾಗುತ್ತಿತ್ತು. ನನ್ನಂಥ ದಡ್ಡಿಗೂ ತಿಳಿಯುವಂತೆ ಮೇಷ್ಟ್ರು ಬಿಡಿಸಿ ಹೇಳುತ್ತಿದ್ದರು. ನಾವು ‘ಬಂದೆ’ ಎಂದರೆ ಸಾಕು, ಬಂದದ್ದು ನಾನೇ ಎಂದು ಬಾಲವೇ ಹೇಳುತ್ತದೆ. ಟರ್ಕಿಯವರು ‘ನಮ್ಮ ಮನೆಗಳಿಂದ’ ಎಂಬುದಷ್ಟನ್ನೂ ಮನೆಯ ಬೆನ್ನಿಗೇ ಒಂದರ ಹಿಂದೊಂದು ಕಟ್ಟುತ್ತಾರೆ. ಅರಬ್ಬಿಯಲ್ಲಿ ‘ನನ್ನ’ ಎಂಬುದು ಪುಸ್ತಕದ ಕೊನೆಗೆ ‘ಈ’ ಆಗಿ ಕೂತು ಕಿತಾಬೀ ಆಗುತ್ತದೆ. ಸ್ಪ್ಯಾನಿಷಿನವರು ‘ಅದನ್ನು ನನಗೆ ಕೊಡು’ ಎನ್ನುವುದನ್ನು ‘ದಾಮೆಲೊ’ ಎಂದು ಒಂದೇ ಉಸಿರಿಗೆ ಮುಗಿಸುತ್ತಾರೆ. ಅದರೊಳಗಿನ ‘ಮೆ’ಗಾಗಲಿ ‘ಲೊ’ಗಾಗಲಿ ಒಂಟಿಯಾಗಿ ನಿಲ್ಲಲು ಬರುವುದಿಲ್ಲ. “ನನ್ನ ಥರಾನೇ ಇವೂ, ಯಾರ ಮನೇಲಾದ್ರೂ ಸೇರ್ಕೊಂಡಿರ್ಬೇಕು” ಎಂದು ನಗುತ್ತಿದ್ದರು. ಮದುವೆಯಿಲ್ಲದೆ ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿ ಬಾಳು ಕಳೆದವರು ಅವರು.

ಕೆಲಸಕ್ಕೊಂದು ಕಟ್ಟುನಿಟ್ಟಿತ್ತು. ಬೇರೆ ಬೇರೆ ಭಾಷೆಯವರ ಮಾತನ್ನು ಟೇಪಿಗೆ ಹಿಡಿದು, ಕೇಳಿ ಕೇಳಿ, ಬಾಲವನ್ನಷ್ಟೇ ಚೀಟಿಗೆ ಇಳಿಸಬೇಕು. ಬಾಲದ ಹಿಂದಿನ ಪದ ಏನಾದರೂ ಆಗಿರಲಿ, ಅದರ ಜಾಗದಲ್ಲಿ ಒಂದು ಗೆರೆ. ಯಾರು ಯಾರಿಗೆ ಎಂದು ಗೊತ್ತಾದರೆ ಸಾಕು, ಏನು ಮಾಡಿದರೆಂಬುದು ನಮಗೆ ಬೇಡ ಎಂದು ನಿರ್ದೇಶಕರು ಕಡ್ಡಿ ಮುರಿದಂತೆ ಹೇಳಿದ್ದರು. ಟೇಪುಗಳು ಕಡಿಮೆ. ಚೀಟಿ ಆದ ಮೇಲೆ ಅಳಿಸಿ ಮತ್ತೆ ಬಳಸುತ್ತಿದ್ದೆವು.

ಕಚೇರಿಯ ಕೆಳಗಿನ ಓಣಿಯಲ್ಲಿ ಇಸ್ತ್ರಿ ಮಾಡುತ್ತಿದ್ದ ಅಜ್ಜಿಯೊಬ್ಬಳಿದ್ದಳು. ಅವಳ ತವರಿನ ಭಾಷೆ ಆಡುವವರು ನಮ್ಮೂರಿನಲ್ಲಿ ಇನ್ನೊಬ್ಬರಿರಲಿಲ್ಲ. ಅದರಲ್ಲಿ ‘ನಾನು ನಿನಗೆ’, ‘ನೀನು ನನ್ನನ್ನು’ ಎಲ್ಲವೂ ಕ್ರಿಯಾಪದದ ಕೊನೆಗೇ ಅಂಟುತ್ತಿದ್ದವು. ನಿರ್ದೇಶಕರಿಗೆ ನಿಧಿ ಸಿಕ್ಕಂತಾಯಿತು. ಪ್ರತಿ ಬುಧವಾರ ಮಧ್ಯಾಹ್ನ ಅಜ್ಜಿ ಮೇಲೆ ಬಂದು, ಮೇಷ್ಟ್ರು ಕೇಳಿದ್ದನ್ನು ತನ್ನ ಭಾಷೆಯಲ್ಲಿ ಹೇಳಿಹೋಗುತ್ತಿದ್ದಳು.

ಹನ್ನೊಂದನೆಯ ಬುಧವಾರ ಅವಳು ಪ್ರಶ್ನೆ ಬೇಡ, ಇವತ್ತು ನಾನೇ ಮಾತಾಡುತ್ತೇನೆ ಎಂದಳು. ಸಹಜ ಮಾತಿನಲ್ಲಿ ಬಾಲ ಹೆಚ್ಚು ಸಿಗುತ್ತದೆಂದು ಮೇಷ್ಟ್ರು ಹಿಗ್ಗಿದರು. ಅವಳು ಕಾಲು ಗಂಟೆ ಮಾತಾಡಿ, ಎದ್ದು ನಿಂತು ಕೇಳಿದಳು, “ಇದು ಇದ್ರಲ್ಲಿ ಉಳಿಯುತ್ತಲ್ವೇನಪ್ಪಾ?”

“ಉಳಿಯುತ್ತೆ ಅಜ್ಜಿ” ಎಂದರು ಮೇಷ್ಟ್ರು. ಅವರ ಮನಸ್ಸಿನಲ್ಲಿದ್ದದ್ದು ಚೀಟಿ. ಆ ವಾರವೇ ಎಂಟು ಚೀಟಿ ಬರೆದು ಟೇಪು ಅಳಿಸಿದರು. ಬೇರೆ ಯಾರೇ ಆಗಿದ್ದರೂ ಅರ್ಧ ಅಳಿಸಿ ಕಾಫಿಗೆ ಹೋಗುತ್ತಿದ್ದರು. ಇವರು ಕೊನೆಯವರೆಗೂ ಓಡಿಸಿ, ಮತ್ತೊಮ್ಮೆ ಮೊದಲಿನಿಂದ ಓಡಿಸಿದರು. ಮುಂದಿನ ಬುಧವಾರ ಅಜ್ಜಿ ಬರಲಿಲ್ಲ. ಎದೆನೋವೆಂದು ಮಲಗಿದವಳು ಮತ್ತೆ ಏಳಲಿಲ್ಲ.

ಎರಡು ತಿಂಗಳ ಮೇಲೆ ಅವಳ ಮಗಳು ಬಂದಳು. ನಲವತ್ತು ದಾಟಿದ ಹೆಂಗಸು, ಬಾಗಿಲಲ್ಲೇ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದಳು. ಅಮ್ಮನ ಜೊತೆ ಜಗಳಾಡಿ ಮನೆ ಬಿಟ್ಟು ಹದಿನಾಲ್ಕು ವರ್ಷವಾಗಿತ್ತಂತೆ. ಸಾವಿನ ಸುದ್ದಿ ಕೂಡ ತಡವಾಗಿ ತಲುಪಿತ್ತು. ಮಗಳು ಬಂದರೆ ಮೇಲಿನ ಕಚೇರಿಗೆ ಕಳಿಸು, ಅವಳಿಗೆ ಹೇಳುವುದನ್ನೆಲ್ಲ ಅಲ್ಲಿ ಹೇಳಿಟ್ಟಿದ್ದೇನೆ ಎಂದು ಅಜ್ಜಿ ಪಕ್ಕದ ಮನೆಯವಳ ಹತ್ತಿರ ಹೇಳಿದ್ದಳಂತೆ.

ಮೇಷ್ಟ್ರು ಬೀರುವಿನಿಂದ, ಇನ್ನೂ ಮತ್ತೆ ಬಳಸದೆ ಉಳಿದಿದ್ದ ಆ ಟೇಪನ್ನು ತೆಗೆದು ಯಂತ್ರಕ್ಕೆ ಹಾಕಿದರು. ಬರೀ ಸುಂಯ್ ಎನ್ನುವ ಸದ್ದು. ಕೊನೆಯಲ್ಲಿ ಒಂದು ಮಾತಾದರೂ ಉಳಿದಿರಬಹುದೆಂದು ಪೂರ್ತಿ ಓಡಿಸಿದರು. ಏನೂ ಇರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಹೋಗದಂತೆ ಹಿಡಿದಿಡುವುದೇ ನಮ್ಮ ಕೆಲಸ ಎಂದುಕೊಂಡು ಸಂಬಳ ತಿಂದವರು ನಾವು.

ಆಮೇಲೆ ಮೇಷ್ಟ್ರು ಎಂಟು ಚೀಟಿಗಳನ್ನು ಅವಳ ಮುಂದೆ ಹರವಿದರು. ಒಂದು ಗೆರೆ, ಮುಂದೆ ಅಜ್ಜಿಯ ಭಾಷೆಯ ಬಾಲ, ಅದರರ್ಥ ‘ನಾನು ನಿನ್ನನ್ನು’. ಇನ್ನೊಂದು ಗೆರೆ, ಮುಂದೆ ‘ನೀನು ನನಗೆ’. ಅವಳು ಗೆರೆಯ ಮೇಲೆ ಬೆರಳಿಟ್ಟಳು.

“ಇಲ್ಲಿ ಏನಂದಿದ್ಲು ಸಾರ್? ಬೈದಿದ್ಲಾ, ಕ್ಷಮಿಸಿದ್ಲಾ?”

ಒಂದು ಸುಳ್ಳು, ಒಂದೇ ಒಂದು. ಅಷ್ಟು ಸಾಕಿತ್ತು. ಹೇಳಿ ಮೇಷ್ಟ್ರೇ ಎಂದು ಕಣ್ಣಲ್ಲೇ ಗೋಗರೆದೆ.

“ಗೊತ್ತಿಲ್ಲಮ್ಮಾ” ಎಂದರು ಅವರು. “ಬಾಲಗಳು ಮಾತ್ರ ನನಗೆ ತಿಳೀತಿತ್ತು. ಮಾತಾಡೋವಾಗ ಅವ್ರು ಮೇಜಿನ ಬಟ್ಟೆ ಸವರ್ತಾ ಇದ್ರು, ಸುಕ್ಕು ತೆಗೆಯೋ ಹಾಗೆ. ಅದು ನೆನಪಿದೆ.”

ಅವಳು ಗೆರೆಯ ಮೇಲಿಂದ ಬೆರಳು ತೆಗೆದಳು. “ಸಿಟ್ಟು ಬಂದಾಗ್ಲೂ ಹಾಗೇ ಮಾಡ್ತಿದ್ಲು. ಮುದ್ದು ಬಂದಾಗ್ಲೂ ಹಾಗೇ.”

ಚೀಟಿ ಹೊರಗೆ ಹೋಗುವಂತಿರಲಿಲ್ಲ. ಮೇಷ್ಟ್ರು ಎಂಟನ್ನೂ ತಮ್ಮ ದುಂಡು ಅಕ್ಷರದಲ್ಲಿ ನಕಲು ಮಾಡಿ ಕೊಟ್ಟರು. ಗೆರೆಗಳನ್ನು ಮಾತ್ರ ಎಳೆಯಲಿಲ್ಲ, ಜಾಗ ಖಾಲಿ ಬಿಟ್ಟರು. ಅವಳು ಹೋದ ಮೇಲೆ ನಾನು ರೇಗಿದೆ. ಕ್ಷಮಿಸಿದ್ದಾಳೆ ಎಂದಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು ಎಂದು ಕೇಳಿದೆ. “ಅವ್ರಮ್ಮನ ಮಾತು ಅಳಿಸಿದ್ದೇ ಸಾಲದು ಅಂತ, ಆ ಜಾಗದಲ್ಲಿ ನನ್ನ ಮಾತು ಕೂರಿಸ್ಲೇನಮ್ಮಾ?” ಎಂದು ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಸುಳ್ಳನ್ನು ನಾನೇ ಹೇಳುತ್ತೇನೆ ಎಂದು ಮೆಟ್ಟಿಲಿಳಿದು ಓಡಿದೆ. ಅವಳು ಕೆಳಗಿನ ತಿರುವಿನಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಹಾಳೆ ತೊಡೆಯ ಮೇಲಿತ್ತು. ಅರ್ಧ ಮರೆತ ಅಮ್ಮನ ಭಾಷೆಯಲ್ಲಿ ಒಂದೊಂದೇ ಪದ ನೆನಪಿಸಿಕೊಂಡು, ಖಾಲಿ ಜಾಗದಲ್ಲಿಟ್ಟು, ಬಾಲ ಸೇರಿಸಿ, ಮೆಲ್ಲಗೆ ಹೇಳಿ ನೋಡುತ್ತಿದ್ದಳು. ತಲೆಯಾಡಿಸಿ, ಇನ್ನೊಂದು ಪದ ಇಡುತ್ತಿದ್ದಳು. ಸದ್ದಾಗದಂತೆ ಮೇಲೆ ಬಂದೆ.