ಕಾಚಂಪುಳಿ ಹಚ್ಚಿದ ಮುಖ

ನನಗಾಗ ಹದಿನೇಳು. ಮುಖದ ತುಂಬ ಮೊಡವೆ, ಹಣೆಯಲ್ಲಿ ಸದಾ ಜಿಡ್ಡು. ಅಕ್ಕನೂ ಅದೇ ಪಾತ್ರೆಯ ಹಂದಿ ಸಾರು ತಿಂದವಳೇ, ಅವಳ ಕೆನ್ನೆ ಮಾತ್ರ ನುಣ್ಣಗೆ. ಆದರೂ ಅಜ್ಜಿಯ ಪಥ್ಯವೆಲ್ಲ ನನಗೊಬ್ಬಳಿಗೇ. "ಕೊಬ್ಬು ರಕ್ತಕ್ಕೆ ಹೋಗಿ ಮೋರೆಗೆ ಏರ್ತದೆ ಕೂಸೇ" ಅಂತ ಎರಡು ವರ್ಷ ನನ್ನ ತಟ್ಟೆಗೆ ಒಂದು ತುಂಡು ಬೀಳಲಿಲ್ಲ. ಮನೆಮಂದಿಯೆಲ್ಲ ಹಂದಿ ಸಾರು ಉಣ್ಣುವ ಕೈಲ್‌ಮುಹೂರ್ತದ ಹಬ್ಬಕ್ಕೂ ನನಗೆ ಕೆಸುವಿನ ಸೊಪ್ಪು. ಮೊಡವೆ ಒಂದೂ ಕಮ್ಮಿಯಾಗಲಿಲ್ಲ, ಸಿಟ್ಟು ಜಾಸ್ತಿಯಾಯಿತು ಅಷ್ಟೆ.

ಕೊಡಗು ಮೈಸೂರಿಗೆ ಸೇರಿದ ಹೊಸತು. ಟೀಚರ್ ಟ್ರೈನಿಂಗಿಗೆ ಮೈಸೂರಿನಿಂದ ಇಂಟರ್‌ವ್ಯೂ ಕಾಗದ ಬಂತು. ಸೀಟು ಸಿಗದಿದ್ದರೆ ಮದುವೆ ಅಂತ ಅಪ್ಪ ಹೇಳಿಯಾಗಿತ್ತು. ಹೊರಡಲು ಎರಡು ದಿನ ಇದೆ ಅನ್ನುವಾಗ ಅಜ್ಜಿ ಕಾಚಂಪುಳಿಯ ಬಾಟ್ಲಿ ತಂದಳು, ಹಂದಿ ಸಾರಿಗೆ ಹಾಕುವ ಆ ಕಪ್ಪು ಹುಳಿ. "ಪಾತ್ರೆಯ ಕೊಬ್ಬನ್ನೇ ಕರಗಿಸ್ತದೆ, ನಿನ್ನ ಜಿಡ್ಡು ಯಾವ ಲೆಕ್ಕ?" ನಾನೂ ಬುದ್ಧಿಗೆಟ್ಟವಳು, ಮುಖ ಒಡ್ಡಿದೆ. ಹಚ್ಚಿಸಿಕೊಂಡು ಕಾಫಿ ಕಣದ ಬಿಸಿಲಲ್ಲಿ ಕೂತೆ. ಮಧ್ಯಾಹ್ನದ ಹೊತ್ತಿಗೆ ಮುಖ ಬೆಂದು, ಕಣ್ಣು ಬಿಡಲಾಗದಷ್ಟು ಊದಿತ್ತು.

ಅಪ್ಪ ಎಸ್ಟೇಟಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ತಾವು ಹೊರಗೇ ಕೂತರು. "ತಿಂದ ಕೊಬ್ಬು ನೇರ ಮುಖಕ್ಕೆ ಬರುವುದಿಲ್ಲಮ್ಮ" ಎಂದರು ಡಾಕ್ಟರು. "ಚರ್ಮದೊಳಗೆ ಸಣ್ಣ ಗ್ರಂಥಿಗಳಿವೆ. ಅಲ್ಲಿಯ ಜೀವಕೋಶಗಳು ಬೆಳೆಯುತ್ತ ಬೆಳೆಯುತ್ತ ಎಣ್ಣೆ ತುಂಬಿಕೊಂಡು ಕೊನೆಗೆ ಒಡೆಯುತ್ತವೆ. ನಿನ್ನ ವಯಸ್ಸೇ ಅದಕ್ಕೆ ದೊಡ್ಡ ಕಾರಣ. ರಕ್ತದಲ್ಲಿರುವ ಕೊಬ್ಬಿಗೂ ಅವು ಬೆಳೆಯುವುದಕ್ಕೂ ಸಂಬಂಧ ಇರಬಹುದು, ನಿಮ್ಮಜ್ಜಿಯ ಮಾತು ಪೂರ್ತಿ ಸುಳ್ಳಲ್ಲ. ಆದರೆ ಎಷ್ಟು ಸಂಬಂಧ ಅಂತ ನಮಗೇ ಗೊತ್ತಿಲ್ಲ."

ಡಾಕ್ಟರಿಗೇ ಗೊತ್ತಿಲ್ಲದ ಸಂಗತಿಗೆ ನಾನು ಎರಡು ವರ್ಷ ಸೊಪ್ಪು ತಿಂದಿದ್ದೆ. ಮೈಯೆಲ್ಲ ಉರಿದುಹೋಯಿತು.

ಇಂಟರ್‌ವ್ಯೂ ದಿನ ಮುಖಕ್ಕೆ ಒದ್ದೆ ಬಟ್ಟೆ ಹಾಕಿಕೊಂಡು ಮಲಗಿದ್ದೆ. ಮೈಸೂರಿನ ಬಸ್ಸು ಹೋದ ಸದ್ದು ಕೇಳಿತು. ಅಜ್ಜಿ ಬಾಗಿಲಲ್ಲೇ ನಿಂತು, "ಡಾಕ್ಟರು ಏನಂದ್ರು?" ಅಂದಳು.

"ಮಾಂಸಕ್ಕೂ ಮೊಡವೆಗೂ ಏನೇನೂ ಸಂಬಂಧ ಇಲ್ಲ ಅಂದ್ರು. ನಿಂದೆಲ್ಲ ಬರೀ ಮೂಢತನ ಅಂದ್ರು."

"ಹಾಗಾದ್ರೆ ಎರಡು ವರ್ಷ ನಿನ್ನ ಬಾಯಿ ಕಟ್ಟಿದ್ದು ಸುಮ್ಮನೆಯಾ?"

"ಹೌದು."

ಸೀಟು ಹೋಯಿತು, ಬೇಸಿಗೆಯಲ್ಲಿ ಮದುವೆ ಗೊತ್ತಾಯಿತು. ಮದುವೆ ಊಟದ ದಿನ ಅಜ್ಜಿ ತನ್ನ ಪಾಲಿನ ತುಂಡುಗಳನ್ನೂ ನನ್ನ ಎಲೆಗೇ ಹಾಕಿದಳು. ಆಮೇಲೆ ಸಾಯುವ ತನಕ ಮಾಂಸ ಮುಟ್ಟಲಿಲ್ಲ. ಡಾಕ್ಟರು ಹಾಗೆ ಹೇಳಿರಲಿಲ್ಲ ಅಂತ ನಾನೂ ಬಾಯಿ ಬಿಡಲಿಲ್ಲ.